ಗಿಂಬಳಕ್ಕೆ ಜಾಗ ಬಿಡದ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಜಿಲ್ಲೆಯ ಹೂವಿನ ಅಂಗಡಿಯವರಿಗೆ ಒಳ್ಳೆ ವ್ಯಾಪಾರ. ಅಂದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ನಾಲೆ ಕಚೇರಿಯಿಂದ ಹಿಡಿದು ಹಾಲಿನ ಡೈರಿಯವರೆಗೆ, ಶಾಲೆಯಿಂದ ಹಿಡಿದು ಟೀ ಅಂಗಡಿಯವರೆಗೆ ಪೇಟ ಸುತ್ತಿದ ಆ ಪಟಕ್ಕೆ ಒಂದು ಹಾರ ಬೀಳಲೇಬೇಕು. ಒಣ ಭೂಮಿಗೆ ನೀರು ತಂದ ಪುಣ್ಯಾತ್ಮ ಅಂತ ನಮ್ಮ ಅಜ್ಜಂದಿರು ಕೈ ಮುಗಿದರು, ನಾವೂ ಮುಗಿಯುತ್ತೇವೆ. ಸರಿ. ಆದರೆ ಅದೇ ಪಟದ ಕೆಳಗೆ ಕುಳಿತು, ಕಡತ ಮೇಲಕ್ಕೆ ಹೋಗಬೇಕಾದರೆ ಎಷ್ಟಾಗುತ್ತೆ ಅಂತ ಸನ್ನೆಯಲ್ಲೇ ಹೇಳುವ ಪುಣ್ಯಾತ್ಮರೂ ಉಂಟು. ಲೈಸೆನ್ಸಿಗೆ ಅಲೆದ ಅಂಗಡಿಯವರಿಗೆ, ಮರಳಿನ ಪರ್ಮಿಟ್ಟಿಗೆ ಕಾದು ಮನೆ ಅರ್ಧಕ್ಕೆ ನಿಲ್ಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮನುಷ್ಯ ಲಂಚ ಮುಟ್ಟಲಿಲ್ಲ ಅಂತ ಭಾಷಣ ಮಾಡದವರಿಲ್ಲ. ಸರ್ಕಾರಿ ಕೆಲಸಕ್ಕೆ ಒಂದು ಮೇಣದ ಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಅನ್ನುವ ಕಥೆಯನ್ನು ಪ್ರತಿ ಮೇಷ್ಟರೂ ಹೇಳುತ್ತಾರೆ. ಅದನ್ನು ಪಕ್ಕಕ್ಕಿಡೋಣ. ತಾನು ಮುಟ್ಟದೆ ಇರುವ ಅಧಿಕಾರಿ ಆಗಲೂ ಇದ್ದ, ಈಗಲೂ ಇದ್ದಾನೆ. ತನ್ನ ಕೈಕೆಳಗಿನವನಿಗೂ ಮುಟ್ಟಲು ಅವಕಾಶ ಸಿಗದ ಹಾಗೆ ಕೆಲಸವನ್ನೇ ಜೋಡಿಸಿಟ್ಟವರು ಎಷ್ಟು ಜನ? ನೀರು, ಗಂಧದ ಮರ, ಅದಿರು, ಕಾಡು, ಮರಳು ಇವೆಲ್ಲ ಊರೊಟ್ಟಿನ ಸೊತ್ತು. ಕೀಲಿ ಮಾತ್ರ ಯಾವನೋ ಒಬ್ಬನ ಸೊಂಟದಲ್ಲಿ. ಅವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಗಿಂಬಳ ಹುಟ್ಟೋದು ಅಲ್ಲೇ. ಆ ಕೀಲಿಯ ವಿಷಯದಲ್ಲಿ ವಿಶ್ವೇಶ್ವರಯ್ಯನವರು ಏನು ಮಾಡಿದರು, ಎಲ್ಲಿ ಎಡವಿದರು ಅನ್ನೋದು ಈ ವಾರದ ವಿಷಯ.

ಮುದ್ದೇನಹಳ್ಳಿಯಿಂದ ಪುಣೆಗೆ

ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಬೇಗ ತೀರಿಕೊಂಡರು. ಹುಡುಗ ಬೆಂಗಳೂರಿಗೆ ಬಂದು, ಸೋದರಮಾವನ ಆಸರೆಯಲ್ಲಿ, ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದ. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಕಳಿಸಿತು. 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮಾರನೇ ವರ್ಷವೇ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ.

ಒಂದು ಮಾತು ಗಮನಿಸಿ. ಈ ಹುಡುಗನಿಗೆ ವಶೀಲಿ ಇರಲಿಲ್ಲ, ಅಂಕ ಇತ್ತು. ಅಂಕದಿಂದಲೇ ಮೇಲೆ ಬಂದವನಿಗೆ ಅಂಕದ ಮೇಲೆ ವಿಪರೀತ ನಂಬಿಕೆ. ಅದರಿಂದ ಆದ ಒಳ್ಳೆಯದು ಏನು, ಆದ ನೋವು ಏನು ಅನ್ನೋದು ಮುಂದೆ ಬರುತ್ತದೆ.

ನಾಸಿಕ್, ಖಾನದೇಶ, ಸಿಂಧ್ ಪ್ರಾಂತ್ಯದ ಸುಕ್ಕೂರಿನ ನೀರು ಸರಬರಾಜು ಇವನ್ನೆಲ್ಲ ಬೇಗ ದಾಟೋಣ. ನಮ್ಮ ರೈತರಿಗೆ ಹತ್ತಿರವಾದದ್ದು 1899ರ ಸಂಗತಿ.

ನೀರಾ ನಾಲೆಯ ಬ್ಲಾಕು

ಪುಣೆ ಸೀಮೆಯಲ್ಲಿ ನೀರಾ ಅಂತ ಒಂದು ನಾಲೆ. ಕಬ್ಬು ಬೆಳೆಯುವವರಿಗೆ ಅದರ ನೀರೇ ಜೀವ. ಅಲ್ಲಿ ನಡೆಯುತ್ತಿದ್ದ ಪದ್ಧತಿ ಏನಪ್ಪಾ ಅಂದರೆ, ರೈತ ತನಗೆ ಬೇಕಾದ ಕಡೆ, ಬೇಕಾದ ಬೆಳೆಗೆ, ಪ್ರತಿ ಹಂಗಾಮಿನಲ್ಲೂ ನೀರಿಗೆ ಅರ್ಜಿ ಹಾಕಬೇಕು. ಇಲ್ಲೊಂದು ಎಕರೆ ಕಬ್ಬು, ಅರ್ಧ ಮೈಲಿ ಆಚೆಗೆ ಇನ್ನೊಂದು ತುಂಡು. ಒಂಟಿ ಗದ್ದೆಗೆ ನೀರು ಹೋಗಬೇಕಾದರೆ ದಾರಿಯುದ್ದಕ್ಕೂ ಮಣ್ಣೇ ಅರ್ಧ ಕುಡಿಯುತ್ತದೆ. ಮೇಲಿನವನ ಗದ್ದೆ ಜೌಗು, ಕೆಳಗಿನವನ ಗದ್ದೆ ಬಿರುಕು.

ಇದನ್ನು ನಮ್ಮ ಮಳವಳ್ಳಿ ಕಡೆಯ ರೈತರಿಗೆ ಹೇಳಿದರೆ ನಗುತ್ತಾರೆ. ಅವರಿಗೆ ಗೊತ್ತಿಲ್ಲದ್ದೇ? ಅರ್ಜಿ ಪ್ರತಿ ಸಲ ಹೊಸದು ಅಂದರೆ ಅರ್ಜಿ ತಗೊಳ್ಳುವವನ ಮುಂದೆ ಪ್ರತಿ ಸಲ ಹೊಸದಾಗಿ ಕೈ ಕಟ್ಟಿ ನಿಲ್ಲಬೇಕು. ತೂಬು ಎತ್ತುವವನ ಮರ್ಜಿ ಮೇಲೆ ಬೆಳೆ ನಿಂತರೆ ಅವನಿಗೆ ಸಂಬಳ ಎಷ್ಟು ಅನ್ನೋದು ಮುಖ್ಯವಲ್ಲ. ಒಳ್ಳೆಯವನಾಗಿದ್ದರೂ ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ. ಮೊದಲ ಸಲ ಬೆಲ್ಲದ ಅಚ್ಚು, ಎರಡನೇ ಸಲ ಕೋಳಿ, ಆಮೇಲೆ ರೂಪಾಯಿ.

ವಿಶ್ವೇಶ್ವರಯ್ಯನವರು ಕಾವಲುಗಾರನ ಮೇಲೆ ಇನ್ನೊಬ್ಬ ಕಾವಲುಗಾರನನ್ನು ಹಾಕಲಿಲ್ಲ. ನಮ್ಮ ಸರ್ಕಾರಗಳು ಮಾಡೋದು ಅದನ್ನೇ ತಾನೇ? ಅವರು ಲೆಕ್ಕವನ್ನೇ ಬದಲಾಯಿಸಿದರು. ಹಳ್ಳಿಯ ನೀರಾವರಿ ಜಮೀನನ್ನು ಒಟ್ಟಾಗಿ ಬ್ಲಾಕು ಮಾಡು. ಆ ಬ್ಲಾಕಿನಲ್ಲಿ ಮೂರನೇ ಒಂದು ಪಾಲಿಗೆ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದದ್ದಕ್ಕೆ ಕಡಿಮೆ ನೀರಿನವು. ವರ್ಷ ತಿರುಗಿದಂತೆ ಪಾಲೂ ತಿರುಗುತ್ತದೆ. ನೀರಿನ ಮಂಜೂರಾತಿ ಒಂದು ಹಂಗಾಮಿಗಲ್ಲ, ಹಲವು ವರ್ಷಕ್ಕೆ ಮೊದಲೇ ಬರೆದಿಟ್ಟದ್ದು. ಯಾವ ತುಂಡಿಗೆ ಎಷ್ಟು ನೀರು ಅಂತ ಊರಿಗೆಲ್ಲ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಗುಟ್ಟಾಗಿ ಮಾರೋದು ಹೇಗೆ?

ಜನ ಸುಮ್ಮನೆ ಒಪ್ಪಲಿಲ್ಲ. ಪುಣೆಯ ಪತ್ರಿಕೆಗಳು ಹರಿಹಾಯ್ದವು, ಸಭೆಗಳಾದವು. ಮೇಲುನಾಲೆಯ ದೊಡ್ಡ ರೈತನಿಗೆ ಹಳೆ ಪದ್ಧತಿಯೇ ಸುಖ, ಅದು ಸಹಜ. ಮೆಲ್ಲಗೆ ಜನ ಹೊಂದಿಕೊಂಡರು. ಮುಂದೆ ಇದೇ ಬ್ಲಾಕು ಪದ್ಧತಿ ನಮ್ಮ ಇರ್ವಿನ್ ನಾಲೆಗೂ ಬಂತು. ಭತ್ತ, ಕಬ್ಬು, ಅರೆನೀರಾವರಿ ಅಂತ ನಮ್ಮ ಹಿರಿಯರು ಲೆಕ್ಕ ಹೇಳುತ್ತಿದ್ದರಲ್ಲ, ಅದರ ಬೇರು ನೀರಾ ನಾಲೆಯಲ್ಲಿದೆ.

ಬಾಗಿಲಿನ ದುಡ್ಡು

ಪುಣೆ ಹತ್ತಿರದ ಖಡಕ್‌ವಾಸ್ಲಾ ಕೆರೆಗೆ 1903ರ ಸುಮಾರಿಗೆ ಅವರು ತಾವೇ ರೂಪಿಸಿದ ತನ್ನಿಂತಾನೇ ತೆರೆಯುವ ಬಾಗಿಲುಗಳನ್ನು ಕೂರಿಸಿದರು. ಪ್ರವಾಹ ಬಂದರೆ ತೆರೆಯುತ್ತವೆ, ಇಳಿದರೆ ಮುಚ್ಚುತ್ತವೆ. ಕಟ್ಟೆ ಎತ್ತರಿಸದೆ 8 ಅಡಿ ಹೆಚ್ಚು ನೀರು ನಿಂತಿತು. ಅದಕ್ಕೆ ಪೇಟೆಂಟ್ ಅವರ ಹೆಸರಿನಲ್ಲೇ ಆಯಿತು. ರಾಯಲ್ಟಿ ತಗೊಳ್ಳಿ ಅಂದಾಗ ಬೇಡವೆಂದರು. ಸರ್ಕಾರದ ಸಂಬಳ ತಿಂದು, ಸರ್ಕಾರದ ಹೊತ್ತಿನಲ್ಲಿ ಮಾಡಿದ್ದಕ್ಕೆ ಇನ್ನೊಂದು ದುಡ್ಡು ಯಾಕೆ ಅನ್ನೋದು ಅವರ ಲೆಕ್ಕ.

ಈ ಕಾಲದವರಿಗೆ ಇದು ಪೆದ್ದುತನ ಅನ್ನಿಸಬಹುದು. ತಗೊಂಡಿದ್ದರೂ ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ. ಮುಂದೆ ಇದೇ ಮನುಷ್ಯ ಇನ್ನೊಂದು ಅಣೆಕಟ್ಟಿಗೆ ಎಂಥ ಬಾಗಿಲು ಹಾಕಬೇಕು ಅಂತ ಸಲಹೆ ಕೊಡಬೇಕು. ಪ್ರತಿ ಬಾಗಿಲಿಗೂ ತನಗೊಂದು ಪಾಲು ಬರುವುದಾದರೆ ಆ ಸಲಹೆಯನ್ನು ನಂಬುವವರು ಯಾರು? ಇವತ್ತು ದೊಡ್ಡ ಗಣಿ ಕಂಪನಿಗಳು, ಎಣ್ಣೆ ಕಂಪನಿಗಳು ತಮ್ಮ ಅಧಿಕಾರಿಗಳಿಂದ ಹಿತಾಸಕ್ತಿ ಘೋಷಣೆ ಅಂತ ಕಾಗದ ಬರೆಸಿಕೊಳ್ಳುತ್ತವೆ. ಹೆಂಡತಿ ಹೆಸರಲ್ಲಿ ಲಾರಿ ಇದೆಯೇ, ಭಾವಮೈದನ ಕ್ರಷರ್ ನಡೆಸುತ್ತಾನೆಯೇ ಅಂತೆಲ್ಲ. ಖಡಕ್‌ವಾಸ್ಲಾದ ಇಂಜಿನಿಯರಿಗೆ ಆ ಕಾಗದ ಯಾರೂ ಕೊಟ್ಟಿರಲಿಲ್ಲ.

ಕನ್ನಂಬಾಡಿ

1908ರಲ್ಲಿ ಬೊಂಬಾಯಿ ಕೆಲಸ ಬಿಟ್ಟರು. ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ಅಲ್ಲಿಗೆ ಹೋಗಿ ಯೋಜನೆ ಹಾಕಿಕೊಟ್ಟರು. 1909ರ ನವೆಂಬರಿನಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರಾಗಿ ಬಂದರು.

ಕಟ್ಟೆ ಕಟ್ಟಿದ್ದು ಯಾರು, ನಾಲ್ವಡಿ ಕೃಷ್ಣರಾಜ ಒಡೆಯರೋ ವಿಶ್ವೇಶ್ವರಯ್ಯನವರೋ ಅಂತ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಆಗಾಗ ಜೋರು ಚರ್ಚೆ ನಡೆಯುತ್ತದೆ. ದುಡ್ಡು ಕೊಟ್ಟವರು, ಹೊಣೆ ಹೊತ್ತವರು ಮಹಾರಾಜರು. ನಕ್ಷೆ, ಅಂದಾಜು, ಹಠ ಇವರದು. ಇವರು ದಿವಾನಗಿರಿ ಬಿಟ್ಟ ಮೇಲೂ ಕೆಲಸ ನಡೆದು 1930ರ ದಶಕದ ಆರಂಭದಲ್ಲಿ ಕಟ್ಟೆ ಪೂರ್ತಿಯಾಯಿತು, ಅಂದರೆ ಆಮೇಲೆ ಬಂದ ಇಂಜಿನಿಯರುಗಳ ಬೆವರೂ ಅದರಲ್ಲಿದೆ. ಹಳೆ ಕನ್ನಂಬಾಡಿ ಊರು ಮುಳುಗಿ ಮನೆ ಬಿಟ್ಟವರ ಕಣ್ಣೀರೂ ಇದೆ. ಇಷ್ಟು ಒಪ್ಪಿಕೊಂಡರೆ ಜಗಳಕ್ಕೆ ಏನೂ ಉಳಿಯೋದಿಲ್ಲ.

ಮೊದಲ ಹಂತದ ಅಂದಾಜು 81 ಲಕ್ಷ ರೂಪಾಯಿ. ಆ ಕಾಲಕ್ಕೆ ಅದು ಎದೆ ನಡುಗಿಸುವ ಮೊತ್ತ. ಇಷ್ಟು ದುಡ್ಡು ಸುರಿದರೆ ಹಿಂದಕ್ಕೆ ಬರುತ್ತದೆಯೇ ಅಂತ ಸರ್ಕಾರದ ಒಳಗೇ ಅಪಸ್ವರ. ಇಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ ಬರುತ್ತದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದ ಅಲ್ಲಿನ ವಿದ್ಯುತ್ ಕೇಂದ್ರ 1902ರಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಡುತ್ತಿತ್ತು. ಸುಮಾರು 92 ಮೈಲಿ ತಂತಿ. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಮೇಲೆ ಕಟ್ಟೆ ಕಟ್ಟಿ ನೀರು ಹಿಡಿದರೆ ಗಣಿ ಕಂಪನಿಗೆ ವರ್ಷವೆಲ್ಲ ಕರೆಂಟು, ಸರ್ಕಾರಕ್ಕೆ ವರ್ಷವೆಲ್ಲ ದುಡ್ಡು. ನಮ್ಮ ಗದ್ದೆಗೆ ನೀರು ಬರುವ ಮೊದಲು ಆ ಕಟ್ಟೆ ಬಿಳಿಯರ ಚಿನ್ನದ ಗಣಿಗೆ ದುಡಿಯಿತು ಅನ್ನೋದು ಅನೇಕರಿಗೆ ಗೊತ್ತಿಲ್ಲ.

ಗಣಿ ಕಂಪನಿ ಅಂದರೆ ಸಾಮಾನ್ಯವೇ? ಲಂಡನ್ನಿನಲ್ಲಿ ಷೇರುದಾರರು, ಊಟಕ್ಕೆ ಕರೆಯಲು ದೊಡ್ಡ ದೊಡ್ಡ ಬಂಗಲೆ. ಅಂಥವರೊಡನೆ ವ್ಯವಹಾರ ಮಾಡುವ ಸರ್ಕಾರಕ್ಕೆ ರಕ್ಷಣೆ ಒಂದೇ, ದರ ಮತ್ತು ದಿನಾಂಕ ಕಾಗದದ ಮೇಲೆ ಇರಬೇಕು. ವಿಶ್ವೇಶ್ವರಯ್ಯನವರು ಒಪ್ಪಿದ ಗಡುವು 1915ರ ಮಳೆಗಾಲ. ಸಾವಿರಾರು ಕೂಲಿಗಳು ರಾತ್ರಿ ದೀಪ ಹಚ್ಚಿಕೊಂಡು ದುಡಿದರು. ಹೇಳಿದ ಹೊತ್ತಿಗೆ ನೀರು ನಿಂತಿತು. ಗಡುವು ಮೀರಿದ ಕೆಲಸದಲ್ಲೇ ಹೆಚ್ಚುವರಿ ಬಿಲ್ಲು, ಹೆಚ್ಚುವರಿ ಬಿಲ್ಲಿನಲ್ಲೇ ಪರ್ಸೆಂಟೇಜು. ಈ ಮಾತು ಯಾವ ಕಂಟ್ರಾಕ್ಟರನ್ನು ಕೇಳಿದರೂ ಹೇಳಿಯಾನು, ಹೆಸರು ಬರೆಯಬೇಡಿ ಅನ್ನುತ್ತಾನೆ ಅಷ್ಟೆ.

ದಿವಾನರ ನೆಂಟರು

1912ರಲ್ಲಿ ದಿವಾನರಾದರು. ಹುದ್ದೆ ಒಪ್ಪುವ ಮುನ್ನ ನೆಂಟರಿಷ್ಟರನ್ನೆಲ್ಲ ಕರೆಸಿ, ನನ್ನ ಹೆಸರು ಹೇಳಿಕೊಂಡು ಯಾರೂ ಯಾವ ಉಪಕಾರಕ್ಕೂ ಬರಕೂಡದು ಅಂತ ಷರತ್ತು ಹಾಕಿದರು ಅನ್ನೋದು ಪ್ರಸಿದ್ಧ. ತಾಯಿಗೂ ಅದೇ ಷರತ್ತು ಅಂತ ಹೇಳುವವರಿದ್ದಾರೆ. ನಮ್ಮ ಊರ ಕಡೆ ಒಬ್ಬ ಹುಡುಗ ಸೊಸೈಟಿ ಸೆಕ್ರೆಟರಿ ಆದರೆ ಸಾಕು, ಹದಿನೈದು ದಿನದಲ್ಲಿ ಅವನಿಗೆ ಅತ್ತೆ ಮಾವಂದಿರು ಹೊಸದಾಗಿ ಹುಟ್ಟಿಕೊಳ್ಳುತ್ತಾರೆ. ದಿವಾನರಿಗೆ ಎಷ್ಟು ಹುಟ್ಟಿರಬೇಕು ಲೆಕ್ಕ ಹಾಕಿ.

ಆರು ವರ್ಷದಲ್ಲಿ ಆದ ಕೆಲಸದ ಪಟ್ಟಿ ಶಾಲೆ ಪುಸ್ತಕದಲ್ಲಿದೆ. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ. ಅಲ್ಲಿ ನಿಲ್ಲಬೇಕಾಗಿಲ್ಲ. ಗಂಧದ ಎಣ್ಣೆಯ ಹತ್ತಿರ ನಿಲ್ಲೋಣ.

ಗಂಧದ ಮರ ಮೈಸೂರಿನಲ್ಲಿ ಟಿಪ್ಪು ಕಾಲದಿಂದ ಸರ್ಕಾರದ ಸೊತ್ತು. ನಿಮ್ಮ ಹಿತ್ತಲಲ್ಲಿ ಹುಟ್ಟಿದರೂ ನಿಮ್ಮದಲ್ಲ. 1914ರಲ್ಲಿ ಯುದ್ಧ ಶುರುವಾಗಿ ಜರ್ಮನಿಯ ಗಿರಾಕಿಗಳು ಮಾಯವಾದರು, ಮರ ರಾಶಿ ಬಿತ್ತು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಎಣ್ಣೆ ತೆಗೆಯುವುದನ್ನು ಪ್ರಯೋಗ ಮಾಡಿಸಿ 1916ರಲ್ಲಿ ಬೆಂಗಳೂರಿನಲ್ಲೂ 1917ರಲ್ಲಿ ಮೈಸೂರಿನಲ್ಲೂ ಕಾರ್ಖಾನೆ ಮಾಡಿದರು. ಮರ ಮಾರುತ್ತಿದ್ದ ಸರ್ಕಾರ ಎಣ್ಣೆ ಮಾರಿತು, ಆಮೇಲೆ ಸಾಬೂನು ಮಾರಿತು. ಬುದ್ಧಿವಂತಿಕೆ ನಿಜ.

ಆದರೆ ಇಲ್ಲಿ ಕೀಲಿಯ ಲೆಕ್ಕ ತಪ್ಪಿತು ಅನ್ನೋದು ನನ್ನ ಅಭಿಪ್ರಾಯ. ಕಾರ್ಖಾನೆಯ ಬಾಗಿಲು ಭದ್ರವಾಯಿತು, ಕಾಡಿನ ಬಾಗಿಲು ಹಳೆಯದೇ ಉಳಿಯಿತು. ಮರ ಬೆಳೆದ ರೈತನಿಗೆ ಲಾಭವಿಲ್ಲ, ಕೇಸಿನ ಭಯ ಮಾತ್ರ. ಹಾಗಾಗಿ ಸಸಿ ಕಂಡರೆ ಕಿತ್ತೆಸೆದ. ಕದಿಯುವವನಿಗೆ, ಕಣ್ಣು ಮುಚ್ಚಿಕೊಳ್ಳುವ ಗಾರ್ಡಿಗೆ ಲಾಭ. ಮಳವಳ್ಳಿ ದಾಟಿ ಕೊಳ್ಳೇಗಾಲದ ಕಡೆಯ ಕಾಡಿನಲ್ಲಿ ವೀರಪ್ಪನ್ ಆದದ್ದು ಇದೇ ವ್ಯಾಪಾರದಿಂದ. ಬೆಳೆದವನೇ ಮರದ ಒಡೆಯ ಅಂತ ಕರ್ನಾಟಕದ ಕಾನೂನು ತಿದ್ದಲು 2001 ಬರಬೇಕಾಯಿತು. ಒಂದು ಸೊತ್ತಿಗೆ ಒಬ್ಬನೇ ಒಡೆಯ, ಒಬ್ಬನೇ ಕಾವಲುಗಾರ, ಒಬ್ಬನೇ ಗಿರಾಕಿ ಆದರೆ ದಿವಾನ ಎಷ್ಟೇ ಶುದ್ಧನಿರಲಿ, ಕಾಡಿನೊಳಗೆ ಅವನ ಕಣ್ಣು ಹೋಗೋದಿಲ್ಲ.

ಅಂಕ ಮತ್ತು ಜಾತಿ

ಇನ್ನೊಂದು ಕಡೆಯೂ ಅವರು ಎಡವಿದರು. ಇದನ್ನು ಮುಚ್ಚಿಟ್ಟು ಮಂಡ್ಯದಲ್ಲಿ ಅವರ ಚರಿತ್ರೆ ಬರೆಯುವುದು ಸರಿಯಲ್ಲ.

ಸರ್ಕಾರಿ ಕೆಲಸವನ್ನು ಶಿಫಾರಸಿಗೆ ಕೊಡಬಾರದು, ಯೋಗ್ಯತೆಗೆ ಕೊಡಬೇಕು ಅನ್ನೋದು ಅವರ ನಿಲುವು. ಶಿಫಾರಸೂ ಲಂಚದ ತಮ್ಮನೇ ತಾನೆ. ಆದರೆ ಆಗ ಮೈಸೂರಿನ ಕಚೇರಿಗಳಲ್ಲಿ ಯಾರಿದ್ದರು? ಹೆಚ್ಚಿನವರು ಬ್ರಾಹ್ಮಣರು. ಒಕ್ಕಲಿಗ, ಲಿಂಗಾಯತ, ಮುಸಲ್ಮಾನ, ಕುರುಬ, ದಲಿತರ ಹುಡುಗರಿಗೆ ಓದುವ ದಾರಿಯೇ ಕಿರಿದು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. ಅವರು ಮಹಾರಾಜರ ಹತ್ತಿರ ಹೋಗಿ ನ್ಯಾಯ ಕೇಳಿದರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಮೀಸಲು ಕೊಟ್ಟರೆ ಆಡಳಿತದ ದಕ್ಷತೆ ಕೆಡುತ್ತದೆ ಅಂತ ದಿವಾನರಿಗೆ ಅನ್ನಿಸಿತು. ಒಪ್ಪಲಿಲ್ಲ. 1918ರ ಕೊನೆಗೆ ಹುದ್ದೆಯಿಂದ ಹೊರಬಂದರು.

ತಮ್ಮ ನೆಂಟರಿಗೆ ಬಾಗಿಲು ಹಾಕಿದ ಮನುಷ್ಯನಿಗೆ, ಬಾಗಿಲ ಹತ್ತಿರಕ್ಕೇ ಬರಲಾಗದ ಜನ ಕಾಣಲಿಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ ಅನ್ನೋದು ನ್ಯಾಯವಾಗಿ ಕೇಳುತ್ತದೆ, ಸ್ಕೂಲೇ ಇಲ್ಲದ ಊರಿನವನಿಗೆ ಹಾಗೆ ಕೇಳೋದಿಲ್ಲ. ಅದೇ ಹೊತ್ತಿಗೆ, ಅವರು ನಕ್ಷೆ ಹಾಕಿದ ಕಟ್ಟೆಯಿಂದ ಬಂದ ನೀರು ನಮ್ಮ ರೈತರ ಕೈಗೆ ಕಬ್ಬಿನ ದುಡ್ಡು ಕೊಟ್ಟಿತು, ಆ ದುಡ್ಡಿನಿಂದ ಮಕ್ಕಳು ಮೈಸೂರಿನ ಹಾಸ್ಟೆಲ್ಲು ಸೇರಿದರು. ಎರಡೂ ನಿಜ.

ಭದ್ರಾವತಿಯ ಬಿಳಿ ಆನೆ

ಈಗ ನಿಜವಾದ ಕಂಪನಿಗೆ ಬರೋಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅವರು ದಿವಾನರಾಗಿದ್ದಾಗಲೇ ಬೀಜ ಬಿದ್ದಿತ್ತು. ಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯಿಂದ ಸುಟ್ಟ ಇದ್ದಿಲು. ಅಷ್ಟರಲ್ಲಿ ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ತಿಂಗಳು ತಿಂಗಳೂ ನಷ್ಟ. ಇದು ಬಿಳಿ ಆನೆ, ಮುಚ್ಚಿಬಿಡಿ ಅಂತ ಕೂಗೆದ್ದಿತು. ಸರ್ಕಾರ ಮತ್ತೆ ಇವರನ್ನೇ ಕರೆಯಿತು. ಅರವತ್ತು ದಾಟಿದ ಮನುಷ್ಯ ಪೂರ್ತಿ ಅಧಿಕಾರ ಕೇಳಿ ಪಡೆದು, 1923ರಿಂದ 1929ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾದರು.

ಇದ್ದಿಲಿನ ಕುಲುಮೆ ಅಂದರೆ ಏನು ಅಂತ ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ದಿನ ಬೆಳಗಾದರೆ ಕಾಡಿನಿಂದ ಸೌದೆ ಬರಬೇಕು. ಕಡಿಯುವ ಕಂಟ್ರಾಕ್ಟು, ಸಾಗಿಸುವ ಕಂಟ್ರಾಕ್ಟು, ಅಳೆಯುವ ಗುಮಾಸ್ತ, ತೂಕದ ಮೇಸ್ತ್ರಿ. ಹಸಿ ಸೌದೆಗೆ ಒಣ ಸೌದೆ ಲೆಕ್ಕ, ನಾಲ್ಕು ಗಾಡಿಗೆ ಐದು ಗಾಡಿ ಲೆಕ್ಕ. ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಗಾಡಿ ನಿಲ್ಲಿಸಿ ತೂಕಕ್ಕೆ ಕಾದ ನಮ್ಮವರಿಗೆ ತೂಕದ ಮನೆಯ ಮಹಿಮೆ ಹೇಳಿಕೊಡಬೇಕೆ? ಸಗಟು ಮಾಲು ಕೊಳ್ಳುವ ಯಾವ ಕಾರ್ಖಾನೆಗೂ ಸೋರುವ ಜಾಗ ಇದೇ.

ವಿಶ್ವೇಶ್ವರಯ್ಯನವರು ಮಾಡಿದ್ದು ಅದ್ಭುತವೇನಲ್ಲ, ಅಂಗಡಿಯವರು ರಾತ್ರಿ ಮಾಡುವ ಕೆಲಸ. ಲೆಕ್ಕ ಬರೆಸಿದರು. ಒಂದು ಟನ್ ಕಬ್ಬಿಣಕ್ಕೆ ಯಾವುದು ಎಷ್ಟು ಖರ್ಚು ಅಂತ ಬಿಡಿ ಬಿಡಿಯಾಗಿ ಕೇಳಿದರು. ದುಬಾರಿ ಸಂಬಳದ ಹೊರದೇಶದ ಪರಿಣತರ ಜಾಗಕ್ಕೆ ಇಲ್ಲಿನ ಹುಡುಗರನ್ನು ತಯಾರು ಮಾಡಿದರು. ಬರಿ ಕಬ್ಬಿಣದ ಗಟ್ಟಿ ಮಾರುವ ಬದಲು ಕೊಳವೆ ಎರಕ ಹೊಯ್ಯಿಸಿದರು. ಇದ್ದಿಲು ಸುಡುವಾಗ ಬರುವ ಹೊಗೆಯಿಂದಲೂ ರಾಸಾಯನಿಕ ತೆಗೆದು ಮಾರಿಸಿದರು. ಅವರು ಬಿಡುವ ಹೊತ್ತಿಗೆ ಕಾರ್ಖಾನೆ ತನ್ನ ಅನ್ನ ತಾನು ದುಡಿಯುತ್ತಿತ್ತು.

ಅವರ ಸಂಬಳದ ಕಥೆ ಇನ್ನೂ ಸ್ವಾರಸ್ಯ. ಅಷ್ಟು ವರ್ಷವೂ ಅದನ್ನು ಅವರು ಮುಟ್ಟಲಿಲ್ಲ. ಲಕ್ಷ ಮೀರಿದ ಆ ಬಾಕಿಯನ್ನು ಹುಡುಗರಿಗೆ ಕಸುಬು ಕಲಿಸುವ ಒಂದು ಶಾಲೆಗೆ ಕೊಟ್ಟುಬಿಡಿ ಅಂದರು. 1943ರಲ್ಲಿ ಬೆಂಗಳೂರಿನಲ್ಲಿ ಅದು ಆರಂಭವಾಯಿತು. ಹೆಸರು ಅವರದ್ದಲ್ಲ, ಮಹಾರಾಜರದು. ಈಗಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಲ್ಲೂ ಅವರೊಬ್ಬರು.

ಬೊಂಬಾಯಿಯ ಕೆಸರು

ಭದ್ರಾವತಿಯಲ್ಲಿದ್ದಾಗಲೇ 1926ರಲ್ಲಿ ಇನ್ನೊಂದು ಕೆಲಸ ಬಂತು. ನಮ್ಮಲ್ಲಿ ಇದನ್ನು ಹೇಳುವವರು ಕಮ್ಮಿ. ಬೊಂಬಾಯಿಯ ಬ್ಯಾಕ್‌ಬೇ ಅನ್ನುವ ಕಡೆ ಸಮುದ್ರ ತುಂಬಿ ನೆಲ ಮಾಡುವ ಭಾರೀ ಯೋಜನೆ. ಸಮುದ್ರದ ತಳದ ಕೆಸರನ್ನು ಯಂತ್ರದಲ್ಲಿ ಎತ್ತಿ ಗೋಡೆಯೊಳಗೆ ಸುರಿಯುವುದು. ಕೆಸರು ಸುರಿದಷ್ಟೂ ಗೋಡೆಯ ಸಂದಿನಿಂದ ಮತ್ತೆ ಸಮುದ್ರಕ್ಕೇ ಹೋಗುತ್ತಿತ್ತು. ಬಿಲ್ಲು ಮಾತ್ರ ಏರುತ್ತಿತ್ತು. ಕೆ.ಎಫ್. ನಾರಿಮನ್ ಎಂಬ ವಕೀಲರು ಅಧಿಕಾರಿಗಳ ಮೇಲೆ ನೇರವಾಗಿ ಆರೋಪ ಹೊರಿಸಿದರು. ಅಧಿಕಾರಿಯೊಬ್ಬ ಅವರ ಮೇಲೆ ಮಾನನಷ್ಟದ ಕೇಸು ಹಾಕಿದ. ಕೊನೆಗೆ ನಾರಿಮನ್ ಖುಲಾಸೆಯಾದರು.

ಸರ್ಕಾರ ನೇಮಿಸಿದ ವಿಚಾರಣಾ ಸಮಿತಿಗೆ ಗ್ರಿಮ್‌ವುಡ್ ಮಿಯರ್ಸ್ ಅಧ್ಯಕ್ಷರು. ಸದಸ್ಯರಲ್ಲಿ ವಿಶ್ವೇಶ್ವರಯ್ಯನವರು ಒಬ್ಬರು, ಎಸ್.ಬಿ. ಬಿಲ್ಲಿಮೋರಿಯಾ ಎಂಬ ಲೆಕ್ಕ ಪರಿಶೋಧಕರು ಇನ್ನೊಬ್ಬರು. ಇಂಜಿನಿಯರನ ಪಕ್ಕದಲ್ಲಿ ಲೆಕ್ಕಿಗನನ್ನು ಕೂರಿಸಿದ್ದು ಸರಿಯಾದ ಕೆಲಸ. ಅಳತೆ ಗೊತ್ತಿರುವವನಿಗೆ ಬಿಲ್ಲು ತಿಳಿಯದು, ಬಿಲ್ಲು ಗೊತ್ತಿರುವವನಿಗೆ ಕೆಸರು ತಿಳಿಯದು. ಅಂದಾಜು ಸರಿಯಿರಲಿಲ್ಲ, ಯಂತ್ರ ಎತ್ತಬಲ್ಲ ಕೆಸರಿನ ಲೆಕ್ಕ ಸುಳ್ಳಾಯಿತು, ಹೀಗೆ ಯೋಜನೆಯ ಹುಳುಕು ಬಯಲಿಗೆ ಬಂತು.

ಜೀರೋ ರಿಸ್ಕು

ಇದೆಲ್ಲ ಹಳೆ ಪುರಾಣ ಅನ್ನಬೇಡಿ. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಬಳ್ಳಾರಿ ಗಣಿಯ ಬಗ್ಗೆ ಕೊಟ್ಟ ವರದಿ ತೆಗೆದು ನೋಡಿ. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಅಂದಾಜು. ಪರ್ಮಿಟ್ಟಿಲ್ಲದ ಅದಿರಿನ ಲಾರಿ ಯಾವ ಚೆಕ್‌ಪೋಸ್ಟಿನಲ್ಲೂ ನಿಲ್ಲದ ಹಾಗೆ ನೋಡಿಕೊಳ್ಳಲು ದುಡ್ಡು ಕಟ್ಟುವ ಒಂದು ಏರ್ಪಾಡೇ ಅಲ್ಲಿತ್ತು. ಅದಕ್ಕೆ ಇಟ್ಟ ಹೆಸರು ಜೀರೋ ರಿಸ್ಕ್! ಮಾಮೂಲಿಗೂ ಒಂದು ಆಫೀಸು, ಒಂದು ದರಪಟ್ಟಿ.

ಆಮೇಲೆ ದೇಶದ ಕಾನೂನು ಸ್ವಲ್ಪ ಕಣ್ಣು ಬಿಟ್ಟಿತು. 2014ರಲ್ಲಿ ಸುಪ್ರೀಂ ಕೋರ್ಟು 214 ಕಲ್ಲಿದ್ದಲು ಬ್ಲಾಕುಗಳ ಹಂಚಿಕೆಯನ್ನು ರದ್ದು ಮಾಡಿತು. 2015ರ ತಿದ್ದುಪಡಿಯಿಂದ ದೊಡ್ಡ ಖನಿಜಗಳ ಗಣಿ ಹರಾಜಿನಲ್ಲೇ ಹೋಗಬೇಕು ಅಂತಾಯಿತು. 2018ರಲ್ಲಿ ಲಂಚ ನಿಷೇಧ ಕಾನೂನು ತಿದ್ದಿದರು. ಈಗ ಲಂಚ ತಗೊಂಡವನಷ್ಟೇ ಅಲ್ಲ, ತನ್ನ ಲಾಭಕ್ಕೆ ಕೊಡಿಸಿದ ಕಂಪನಿಯೂ ಅಪರಾಧಿ. ನಮ್ಮ ಏಜೆಂಟು ಕೊಟ್ಟ, ನಮಗೆ ಗೊತ್ತಿಲ್ಲ ಅಂದರೆ ನಡೆಯೋದಿಲ್ಲ. ಕೊಡಲಿಕ್ಕೇ ಆಗದ ಹಾಗೆ ನಾವು ಮೊದಲೇ ಸಾಕಷ್ಟು ಏರ್ಪಾಡು ಮಾಡಿದ್ದೆವು ಅಂತ ಕಂಪನಿ ತೋರಿಸಬೇಕು. ಅಮೆರಿಕದಲ್ಲಿ 1977ರಿಂದ, ಬ್ರಿಟನ್ನಿನಲ್ಲಿ 2010ರ ಕಾನೂನಿನಿಂದ ಹೀಗೇ ಕಂಪನಿಯ ಕೊರಳಿಗೇ ಹಗ್ಗ. ಕಾನೂನಿನ ಆ ಏರ್ಪಾಡು ಅನ್ನುವ ಪದಕ್ಕೆ ಉದಾಹರಣೆ ಬೇಕಾದರೆ 1899ರ ನೀರಾ ನಾಲೆಯ ಬ್ಲಾಕು ಪುಸ್ತಕ ತೆಗೆದರೆ ಸಾಕು.

ಇನ್ನು ನಮ್ಮ ಜಿಲ್ಲೆ. ಕನ್ನಂಬಾಡಿ ಕಟ್ಟೆಗೆ ಅಷ್ಟೇನೂ ದೂರವಿಲ್ಲದ ಬೇಬಿ ಬೆಟ್ಟದಲ್ಲಿ ಕಲ್ಲು ಸಿಡಿಸಿದ ಸದ್ದು ಎಷ್ಟು ವರ್ಷ ಕೇಳಿದೆವು. ಧರಣಿಗಳಾದವು, ಮನವಿಗಳಾದವು, ಸಭೆ ಮೇಲೆ ಸಭೆಯಾಯಿತು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದು ಅಂತ ಹೇಳಬೇಕಾಯಿತು. ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಗೋಡೆಯನ್ನು ಕಾಯಲು ಕೊನೆಗೆ ಕೋರ್ಟೇ ಬೇಕಾಯಿತು ನೋಡಿ.

ಕೊನೆಯ ವರ್ಷಗಳು

1955ರಲ್ಲಿ ಅವರಿಗೆ ಭಾರತ ರತ್ನ ಬಂತು. ಈ ಬಿರುದು ಕೊಟ್ಟಿರೆಂದು ನಾನು ಸರ್ಕಾರವನ್ನು ಹೊಗಳುತ್ತೇನೆ ಅಂದುಕೊಳ್ಳಬೇಡಿ ಎಂಬ ಅರ್ಥದಲ್ಲಿ ನೆಹರೂ ಅವರಿಗೆ ಮೊದಲೇ ಬರೆದು ತಿಳಿಸಿದ್ದರಂತೆ. ನೆಹರೂ ಅದಕ್ಕೆ ಒಪ್ಪಿಯೇ ಕೊಟ್ಟರು. ನೂರು ವರ್ಷ ತುಂಬಿದ್ದನ್ನು ದೇಶವೇ ಆಚರಿಸಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಹುಟ್ಟಿದೂರು ಮುದ್ದೇನಹಳ್ಳಿಯಲ್ಲೇ ಇದೆ. ಭದ್ರಾವತಿ ಕಾರ್ಖಾನೆಗೆ ಅವರ ಹೆಸರಿಟ್ಟರು, 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ವೈಸರಾಯ್ ಇರ್ವಿನ್ ಹೆಸರಿನ ನಮ್ಮ ನಾಲೆ ವಿಶ್ವೇಶ್ವರಯ್ಯ ನಾಲೆಯಾಯಿತು, ಬಾಯಿಮಾತಿಗೆ ವಿ.ಸಿ. ನಾಲೆ.

ಆ ನಾಲೆಯ ನೀರು ಹುಲಿಕೆರೆ ಸುರಂಗ ದಾಟಿ, ಮಂಡ್ಯ ದಾಟಿ, ಮದ್ದೂರು ಮಳವಳ್ಳಿಯ ಕೊನೆ ತೂಬಿಗೆ ಮುಟ್ಟುವ ಹೊತ್ತಿಗೆ ಸಣಕಲಾಗಿರುತ್ತದೆ. ಬರ ಬಿದ್ದ ವರ್ಷ ಕಟ್ಟು ನೀರು ಅಂತ ದಿನ ಎಣಿಸಿ ಬಿಡುತ್ತಾರೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಪ್ರಕಟಣೆಯೂ ಬರುತ್ತದೆ. ಮೇಲಿನ ಊರುಗಳಲ್ಲಿ ರಾತ್ರಿ ಹೊತ್ತು ನಾಲೆಗೆ ಪೈಪು ಇಳಿಯುತ್ತದೆ, ಮೋಟಾರು ಓಡುತ್ತದೆ. ಬೆಳಗ್ಗೆ ಕೊನೆ ಭಾಗದ ರೈತ ಸೈಕಲ್ಲು ತುಳಿದುಕೊಂಡು ತೂಬಿನ ಹತ್ತಿರ ಬಂದು, ನೀರಿನ ಗುರುತು ಎಲ್ಲಿದೆ ಅಂತ ಬಗ್ಗಿ ನೋಡುತ್ತಾನೆ.